ಮರವಿಲ್ಲದ ಜಂಗಲ್

ಡಿಸೆಂಬರಿನ ಮೊದಲ ವಾರ, ಬೆಳಗಿನ ಆರೂವರೆ. ಮಧುಗಿರಿ ತಾಲ್ಲೂಕು, ಮೈದೇನಹಳ್ಳಿಯ ಕಾವಲು. ಹುಲ್ಲು ಮೊಣಕಾಲಿನ ತನಕ, ಬಣ್ಣ ಹಳೇ ಗೋಣಿಚೀಲದ್ದು, ತುದಿಯಲ್ಲೆಲ್ಲ ಇಬ್ಬನಿ. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಪ್ಯಾಂಟಿನ ಅಂಚು ಒದ್ದೆಯಾಯಿತು. ಸುತ್ತ ತಿರುಗಿದರೆ ನೆಲಕ್ಕಿಂತ ಆಕಾಶವೇ ಜಾಸ್ತಿ. ಅಲ್ಲೊಂದು ಜಾಲಿ, ಇಲ್ಲೊಂದು ಬಾರೆ ಗಿಡ, ತಂಗಡಿಯ ಒಂದಿಷ್ಟು ಪೊದೆ. ನಾನು ನಿಂತ ಕಡೆಯಿಂದ ಮರ ಅನ್ನಿಸಿಕೊಳ್ಳುವಂಥದ್ದನ್ನು ಎಣಿಸಲು ಎರಡು ಕೈಯ ಬೆರಳು ಸಾಕು.

ನನ್ನ ನೋಟ್‌ಬುಕ್ಕಿನಲ್ಲಿ 'ನೆಲೆ' ಎಂದೊಂದು ಕಾಲಂ ಇದೆ. ಯಾವ ಜೀವಿಯನ್ನು ಎಂಥ ಜಾಗದಲ್ಲಿ ಕಂಡೆ ಎಂದು ಬರೆದುಕೊಳ್ಳುವುದಕ್ಕೆ. ಮಲೆನಾಡಿಗೆ ಹೋದರೆ ಕಷ್ಟವಿಲ್ಲ: ಕಾನು, ಸೊಪ್ಪಿನ ಬೆಟ್ಟ, ಬ್ಯಾಣ, ಹಾಡಿ ಎಂದು ಊರಿನವರೇ ಹೆಸರು ಕೊಡುತ್ತಾರೆ. ಇಲ್ಲಿ ಪೆನ್ನು ನಿಂತಿತು. ಕಾಡು ಎನ್ನೋಣವೆಂದರೆ ಮರವಿಲ್ಲ. ಬಯಲು ಎನ್ನೋಣವೆಂದರೆ ಪೊದೆ ಇದೆ. ಖಾಲಿ ಬಿಟ್ಟು ಮುಂದೆ ಹೋದೆ.

ಮುಂದೆ ಎಂದರೆ ಹೆಚ್ಚೇನೂ ದೂರವಲ್ಲ. ಕಾಲುಚೀಲದೊಳಗೆ ಏನೋ ಚುಚ್ಚತೊಡಗಿತ್ತು. ಒಂದು ಕಲ್ಲಿನ ಮೇಲೆ ಕೂತು ಬಿಚ್ಚಿ ನೋಡಿದರೆ ಹುಲ್ಲಿನ ಬೀಜಗಳು, ಹದಿನೈದಿಪ್ಪತ್ತು. ಒಂದನ್ನು ಹಿಡಿದು ಬೆಳಕಿಗೆ ಒಡ್ಡಿದೆ. ಕೆಳಗೆ ಸೂಜಿಯಂಥ ಮೊನೆ, ಅದರ ಮೇಲೆ ಹಿಂದಕ್ಕೆ ಬಾಗಿದ ಕಂದು ರೋಮ, ಅದಕ್ಕೂ ಮೇಲೆ ಬೆರಳುದ್ದದ ಬಾಲ. ಬಾಲ ನೇರವಿಲ್ಲ, ಹುರಿ ಹೊಸೆದಂತೆ ತಿರುಚಿಕೊಂಡಿದೆ. ಅಂಗೈ ಮೇಲಿಟ್ಟು ಒಂದು ಹನಿ ಎಂಜಲು ತಾಗಿಸಿದೆ. ಒಂದೆರಡು ಕ್ಷಣ ಏನೂ ಇಲ್ಲ. ಆಮೇಲೆ ಬಾಲ ತಾನೇ ತಾನಾಗಿ ತಿರುಗತೊಡಗಿತು, ಗಡಿಯಾರದ ಮುಳ್ಳಿಗಿಂತ ತುಸು ಬಿರುಸಾಗಿ. ಒದ್ದೆಯಾದರೆ ಹುರಿ ಬಿಚ್ಚುತ್ತದೆ, ಒಣಗಿದರೆ ಮತ್ತೆ ಸುತ್ತಿಕೊಳ್ಳುತ್ತದೆ. ಇಬ್ಬನಿಗೊಂದು ಸುತ್ತು, ಬಿಸಿಲಿಗೊಂದು ಸುತ್ತು ಎಂದು ಬೀಜ ತನ್ನನ್ನು ತಾನೇ ನೆಲದೊಳಕ್ಕೆ ಕೊರೆದುಕೊಂಡು ಇಳಿಯುತ್ತದೆ. ರೋಮ ಹಿಂದಕ್ಕೆ ಬಾಗಿರುವುದರಿಂದ ಇಳಿದದ್ದು ಮೇಲೆ ಬರುವುದಿಲ್ಲ. ಸಸ್ಯಶಾಸ್ತ್ರದವರು ಇದಕ್ಕೆ ಹೆಟೆರೊಪೋಗಾನ್ ಕಂಟಾರ್ಟಸ್ ಎಂದು ಹೆಸರಿಟ್ಟರು. ಕಂಟಾರ್ಟಸ್ ಎಂದರೆ ತಿರುಚಿದ್ದು. ಮಳೆ ಅಪರೂಪವಾದ ಊರಿನಲ್ಲಿ ಇಬ್ಬನಿಯನ್ನೇ ಯಂತ್ರ ಮಾಡಿಕೊಂಡ ಹುಲ್ಲು.

ತಲೆ ಎತ್ತಿದಾಗ ಸುಮಾರು ಇನ್ನೂರು ಮೀಟರ್ ದೂರದಲ್ಲಿ ಗಂಡು ನಿಂತಿತ್ತು.

ಕೃಷ್ಣಮೃಗ. ಉತ್ತರ ಕರ್ನಾಟಕದವರ ಚಿಗರಿ. ಹುಬ್ಬಳ್ಳಿ-ಧಾರವಾಡದ ನಡುವೆ 2018ರಿಂದ ಓಡುವ ಬಿಆರ್‌ಟಿಎಸ್ ಬಸ್ಸುಗಳಿಗೆ ಇಟ್ಟಿರುವುದು ಇದರ ಹೆಸರನ್ನೇ. ಹೆಸರಿನಲ್ಲಿ 'ಕೃಷ್ಣ' ಇದ್ದರೂ ನಮ್ಮ ದಕ್ಷಿಣದ ಗಂಡುಗಳು ಅಷ್ಟು ಕಪ್ಪಾಗುವುದು ಕಡಿಮೆ. ಇದರ ಮೈ ಸುಟ್ಟ ಇಟ್ಟಿಗೆಗೆ ಮಸಿ ಬಳಿದ ಹಾಗಿತ್ತು. ಹೊಟ್ಟೆ, ಗದ್ದ, ಕಣ್ಣಿನ ಸುತ್ತ ಮಾತ್ರ ಸುಣ್ಣ ಬಳಿದಷ್ಟು ಬಿಳಿ. ಕೊಂಬು ನಾಲ್ಕು ಸುತ್ತು. ಅದು ನಿಂತದ್ದು ತನ್ನದೇ ಹಿಕ್ಕೆಯ ರಾಶಿಯ ಮೇಲೆ. ಅದು ಗಲೀಜಲ್ಲ, ಗಡಿಕಲ್ಲು. ದಿನವೂ ಅದೇ ಜಾಗಕ್ಕೆ ಬಂದು ಹಾಕಿ, ಅಲ್ಲೇ ನಿಂತು, ಅಲ್ಲೇ ಮಲಗಿ 'ಈ ಜಮೀನು ನನ್ನದು' ಎನ್ನುತ್ತದೆ. ಏಳೂವರೆಯ ಹೊತ್ತಿಗೆ ಹೆಣ್ಣುಗಳ ಗುಂಪು ಆ ಕಡೆಗೆ ಮೇಯುತ್ತಾ ಬಂತು. ಹನ್ನೊಂದು ದೊಡ್ಡವು, ಎರಡು ಮರಿ. ಗಂಡು ಮೂತಿಯನ್ನು ಆಕಾಶಕ್ಕೆ ಎತ್ತಿತು. ಕೊಂಬು ಬೆನ್ನಿನ ಮೇಲೆ ಒರಗಿತು, ಬಾಲ ಸುರುಳಿಯಾಯಿತು, ಕಿವಿ ಜೋತುಬಿತ್ತು. ಹಾಗೇ ಸಣ್ಣ ಹೆಜ್ಜೆಯಲ್ಲಿ, ಮದುವೆ ಮನೆಯಲ್ಲಿ ಬೀಗರ ಎದುರು ಓಡಾಡುವವರ ಠೀವಿಯಲ್ಲಿ, ಗುಂಪಿನ ಮುಂದೆ ಅತ್ತಿತ್ತ ನಡೆಯಿತು. ಹೆಣ್ಣುಗಳು ತಲೆ ಎತ್ತಲಿಲ್ಲ. ನಲವತ್ತು ನಿಮಿಷ ನೋಡಿದೆ. ಕೊನೆಗೂ ಎತ್ತಲಿಲ್ಲ.

ಕುರಿ ಮಂದೆಯೊಂದು ಕಾವಲಿನ ಹೊರಗಿನ ದಾರಿಯಲ್ಲಿ ಬಂದದ್ದು ಒಂಬತ್ತರ ಸುಮಾರಿಗೆ. ಹಿಂದೆ ಕಂಬಳಿ ಹೊದ್ದ ಯಜಮಾನರು, ಅರವತ್ತು ದಾಟಿದವರು.

"ಏನ್ ಸ್ವಾಮಿ, ಪೋಟೋದವ್ರಾ?"

"ಇಲ್ಲ ಯಜಮಾನ್ರೇ, ಸುಮ್ನೆ ನೋಡೋಕೆ ಬಂದಿದೀನಿ. ಈ ಕಾಡಲ್ಲಿ ತೋಳ ಇದಾವಾ?"

ಅವರು ನನ್ನನ್ನೊಮ್ಮೆ, ಹುಲ್ಲನ್ನೊಮ್ಮೆ ನೋಡಿದರು. "ಕಾಡೆಲ್ಲೈತೆ ಸ್ವಾಮಿ? ಇದು ಕಾವ್ಲು."

ಆಮೇಲೆ ಕೋಲೆತ್ತಿ ದಾರಿಯ ಆಚೆ ತೋರಿಸಿದರು. ಬಳ್ಳಾರಿ ಜಾಲಿ ಆಳೆತ್ತರಕ್ಕೆ ಹೆಣೆದುಕೊಂಡ ಒಂದು ತುಂಡು ಭೂಮಿ. "ಅಗಾ, ಅದು ಜಂಗ್ಲು. ಮೊದ್ಲು ಕಡ್ಲೇಕಾಯಿ ಹೊಲ. ಅಣ್ತಮ್ಮಂದ್ರು ಯಾಜ್ಯ ಮಾಡ್ಕಂಡು ಬೀಳು ಬಿಟ್ರು. ನಾಕೈದು ಮಳೆಗೆ ಜಂಗ್ಲು ಬೆಳ್ಕಂತು. ತೋಳ ಗೀಳ ಇದ್ರೆ ಅದ್ರಾಗೆ ಇರ್ಬೇಕು."

ಅವರು ಕುರಿಯ ಹಿಂದೆ ಹೋದರು. ನನಗೆ ಚಳಿಯಲ್ಲೂ ಕಿವಿ ಬಿಸಿಯಾಯಿತು, ಸಂತೋಷಕ್ಕೆ. ಇನ್ನೂರೈವತ್ತು ವರ್ಷದ ಹಿಂದಿನ ಒಂದು ಕಾನೂನು ಪುಸ್ತಕ ಹೇಳುವುದನ್ನೇ ಅವರು ಹೇಳಿದ್ದರು.

ಆ ಪುಸ್ತಕ 1776ರಲ್ಲಿ ಲಂಡನ್ನಿನಲ್ಲಿ ಅಚ್ಚಾದದ್ದು. ಈಸ್ಟ್ ಇಂಡಿಯಾ ಕಂಪನಿಯ ವಾರನ್ ಹೇಸ್ಟಿಂಗ್ಸ್ ಕಲ್ಕತ್ತೆಯಲ್ಲಿ ಹನ್ನೊಂದು ಮಂದಿ ಪಂಡಿತರನ್ನು ಕೂರಿಸಿ ಹಿಂದೂ ಧರ್ಮಶಾಸ್ತ್ರದ ಸಾರ ಬರೆಸಿದ. ಅದು ಸಂಸ್ಕೃತದಿಂದ ಪಾರ್ಸಿಗೆ, ಪಾರ್ಸಿಯಿಂದ ಇಂಗ್ಲಿಷಿಗೆ ಹೋಯಿತು. ಇಂಗ್ಲಿಷಿಗೆ ತಂದವನು ನಥಾನಿಯಲ್ ಬ್ರಾಸಿ ಹಾಲ್ಹೆಡ್, ಪುಸ್ತಕದ ಹೆಸರು 'ಜೆಂಟೂ' ಕಾನೂನುಗಳ ಸಂಹಿತೆ. ಇಂಗ್ಲಿಷಿನಲ್ಲಿ 'ಜಂಗಲ್' ಎಂಬ ಪದ ಮೊದಮೊದಲು ಸಿಗುವ ಕಡೆಗಳಲ್ಲಿ ಅದೂ ಒಂದು. ಅಲ್ಲಿ ಹುಲಿ ಇಲ್ಲ, ಆನೆ ಇಲ್ಲ, ಬಳ್ಳಿ ಹಿಡಿದು ತೂಗುವವರು ಯಾರೂ ಇಲ್ಲ. ಐದು ವರ್ಷ ಉಳದೆ ಬಿಟ್ಟ ಜಮೀನು ಜಂಗಲ್, ಅಷ್ಟೇ. ನಮ್ಮ ಬೀಳು. ಕುರಿ ಯಜಮಾನರ 'ಜಂಗ್ಲು'.

ಇಂದಿಗೂ ಬೆಂಗಳೂರಿನ ಹೊರಗೆ ಸೈಟು ಕೊಂಡವರು ಜೆಸಿಬಿಯವನಿಗೆ ಫೋನು ಮಾಡಿ "ಜಂಗಲ್ ಕ್ಲೀನ್ ಮಾಡ್ಬೇಕು, ಎಷ್ಟು ತಗೊತೀರಾ" ಎನ್ನುವಾಗ ಅವರು ಹೇಳುತ್ತಿರುವುದು ಹಾಲ್ಹೆಡ್‌ನ ಜಂಗಲ್ಲೇ. ಆ ಅರ್ಥ ಇಂಗ್ಲೆಂಡಿನವರಿಗೆ ಮರೆತುಹೋಗಿದೆ. ನಮ್ಮ ಜೆಸಿಬಿಯವನಿಗೆ ಮರೆತಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಪದ ಮತ್ತಷ್ಟು ಒಣಗುತ್ತದೆ. ಸಂಸ್ಕೃತದಲ್ಲಿ ಅದು ಜಾಂಗಲ. (ಜಂಗಮಕ್ಕೂ ಇದಕ್ಕೂ ನಂಟು ಹಾಕಬೇಡಿ. ಜಂಗಮ ಚಲಿಸುವುದು, ಅದರ ಧಾತು ಬೇರೆ. ಕೇಳಿದವರಿಗೆ ಒಮ್ಮೆ ಅನುಮಾನ ಬರುವುದು ಸಹಜ, ನನಗೂ ಬಂದಿತ್ತು.) ಮಹಾಭಾರತದಲ್ಲಿ ಹಸ್ತಿನಾವತಿಯ ಆಸುಪಾಸಿನ ಸೀಮೆಗೆ ಕುರುಜಾಂಗಲ ಎನ್ನುತ್ತಾರೆ. ಪದವನ್ನು ಅಳೆದು ತೂಗಿ ಬಳಸಿದವರು ಮಾತ್ರ ಆಯುರ್ವೇದದವರು. ಚರಕ, ಸುಶ್ರುತ ಇಬ್ಬರೂ ನೆಲವನ್ನು ಮೂರು ಬಗೆ ಮಾಡುತ್ತಾರೆ: ನೀರು ಜೌಗಿನ ಅನೂಪ, ಒಣ ಬಯಲಿನ ಜಾಂಗಲ, ಎರಡರ ನಡುವಿನ ಸಾಧಾರಣ. ಚರಕ ಸಂಹಿತೆಯ ಕಲ್ಪಸ್ಥಾನದಲ್ಲಿ ಜಾಂಗಲದ ವರ್ಣನೆ ಬರುತ್ತದೆ. ಸುತ್ತ ತೆರೆದ ಆಕಾಶ, ಒಣ ಗಾಳಿ, ಬಿಸಿಲ್ಗುದುರೆ, ಬನ್ನಿ, ಕಾಚಿನ ಮರ, ಬಾರೆ, ಲಾವುಗೆ, ಗೌಜಲಹಕ್ಕಿ, ಗಟ್ಟಿಮುಟ್ಟಾದ ಜನ.

ಮೈದೇನಹಳ್ಳಿಯ ಕಲ್ಲಿನ ಮೇಲೆ ಕೂತು ಈ ಪಟ್ಟಿಯನ್ನು ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ. ತೆರೆದ ಆಕಾಶ, ಇದೆ. ಬಾರೆ, ಇದೆ. ಗೌಜಲಹಕ್ಕಿ ಎಡಗಡೆ ಎಲ್ಲೋ 'ಕತೀತರ್, ಕತೀತರ್' ಎಂದು ಕೂಗುತ್ತಲೇ ಇದೆ. ಅದರ ಸಂಸ್ಕೃತದ ಹೆಸರು ತಿತ್ತಿರಿ, ಆ ಕೂಗಿನಿಂದಲೇ ಬಂದ ಹಾಗಿದೆ. ಬಿಸಿಲ್ಗುದುರೆಗೆ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಬರಬೇಕು.

ಇದಕ್ಕಿಂತ ತಮಾಷೆಯ ಸಂಗತಿ ಇನ್ನೊಂದಿದೆ. ವೈದ್ಯರಿಗೆ ಮಾಂಸದ ಗುಣವೂ ಮುಖ್ಯವಾದ್ದರಿಂದ ಪ್ರಾಣಿಗಳನ್ನೂ ನೆಲದ ಪ್ರಕಾರ ವಿಂಗಡಿಸಿದರು. ಹುಲ್ಲೆ, ಲಾವುಗೆಗಳದು ಜಾಂಗಲ ಮಾಂಸ, ಹಗುರ, ಬೇಗ ಅರಗುವಂಥದ್ದು. ಆನೆ, ಖಡ್ಗಮೃಗ, ಕೋಣಗಳು? ಅವು ಅನೂಪದವು. ಇವತ್ತು ಕಬಿನಿಯಲ್ಲೋ ಕಾಜಿರಂಗದಲ್ಲೋ 'ಜಂಗಲ್ ಸಫಾರಿ'ಗೆಂದು ದುಡ್ಡು ಕಟ್ಟಿ ನಾವು ನೋಡಲು ಹೋಗುವ ಪ್ರಾಣಿಗಳು ಚರಕನ ಲೆಕ್ಕದಲ್ಲಿ ಜಾಂಗಲದವೇ ಅಲ್ಲ. ಜಾಂಗಲದ ಯಜಮಾನ ಹಿಕ್ಕೆಯ ರಾಶಿಯ ಮೇಲೆ ನಿಂತ ಈ ಪ್ರಾಣಿ. ಮನುಸ್ಮೃತಿ ಅದನ್ನೇ ಗಡಿಗುರುತು ಮಾಡಿಕೊಂಡಿತು: ಕೃಷ್ಣಮೃಗ ತಾನಾಗಿ ಅಡ್ಡಾಡುವ ನೆಲ ಯಜ್ಞಕ್ಕೆ ಯೋಗ್ಯ, ಅದರಾಚೆಯದು ಮ್ಲೇಚ್ಛರದು. ಗಡಿಯ ರಾಜಕೀಯ ಒತ್ತಟ್ಟಿಗಿರಲಿ. ಒಣ ಬಯಲು ಆ ಕಾಲದವರಿಗೆ ಬಾಳುವ ನೆಲವಾಗಿತ್ತು, ಪಾಳು ನೆಲವಾಗಿರಲಿಲ್ಲ. ಫ್ರಾನ್ಸಿನ ವಿದ್ವಾಂಸ ಫ್ರಾನ್ಸಿಸ್ ಜಿಮ್ಮರ್‌ಮನ್ 1982ರಲ್ಲಿ ಈ ಒಂದು ಪದದ ಬೆನ್ನು ಹತ್ತಿ ಇಡೀ ಪುಸ್ತಕ ಬರೆದದ್ದು ಸುಮ್ಮನೆ ಅಲ್ಲ.

ಹಾಗಾದರೆ ಒಣ ಪದ ಯಾವಾಗ ಒದ್ದೆಯಾಯಿತು? ನನಗನ್ನಿಸುವುದು ಇಷ್ಟು. ಜಾಂಗಲ ಎಂದರೆ ಒಣ ನೆಲ. ಒಣ ನೆಲವೆಂದರೆ ಹೆಚ್ಚುಪಾಲು ಉಳದ ನೆಲ. ಹಿಂದಿ, ಮರಾಠಿಯ ಬಾಯಲ್ಲಿ ಅದು ಉಳದ ಯಾವುದೇ ನೆಲವಾಯಿತು. ಉಳದೆ ಬಿಟ್ಟರೆ ಮಧುಗಿರಿಯಲ್ಲಿ ಮುಳ್ಳಿನ ಪೊದೆ ಬರುತ್ತದೆ. ಆದರೆ ಕಂಪನಿಯವರು ಮೊದಲು ಆಳಿದ್ದು ಬಂಗಾಳವನ್ನು. ಅಲ್ಲಿಯ ಮಳೆಗೆ ಐದು ವರ್ಷ ಬಿಟ್ಟ ಹೊಲದಲ್ಲಿ ಆನೆ ಮುಳುಗುವಷ್ಟು ಹುಲ್ಲು, ಬಿದಿರು, ಬಳ್ಳಿ. ಪದ ಅದೇ, ಕಣ್ಣ ಮುಂದಿನ ಚಿತ್ರ ಬೇರೆ. ಚಿತ್ರ ಪದವನ್ನು ಎಳೆದುಕೊಂಡು ಹೋಯಿತು. 1886ರಲ್ಲಿ ಯೂಲ್ ಮತ್ತು ಬರ್ನೆಲ್‌ರ 'ಹಾಬ್ಸನ್-ಜಾಬ್ಸನ್' ನಿಘಂಟು ಬರುವ ಹೊತ್ತಿಗೆ ಎರಡೂ ಅರ್ಥ ಪಕ್ಕಪಕ್ಕ ಇದ್ದವು. ಈ ಬರ್ನೆಲ್ ನಮ್ಮ ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದವನು, ತುಳುನಾಡಿನ ಭೂತಾರಾಧನೆಯ ಬಗ್ಗೆ ಸಾಮಗ್ರಿ ಕೂಡಿಹಾಕಿದವನು. ಎಂಟು ವರ್ಷ ಕಳೆದು, 1894ರಲ್ಲಿ, ಕಿಪ್ಲಿಂಗ್‌ನ 'ದಿ ಜಂಗಲ್ ಬುಕ್' ಬಂತು. ಅಲ್ಲಿಗೆ ವ್ಯಾಜ್ಯ ಮುಗಿಯಿತು. ಮಕ್ಕಳ ತಲೆಯೊಳಗೆ ಹೊಕ್ಕ ಅರ್ಥವನ್ನು ಯಾವ ನಿಘಂಟೂ ಹೊರಗೆ ಹಾಕಲಾರದು.

ಅಲ್ಲಿಂದಾಚೆ ಪದಕ್ಕೆ ರೆಕ್ಕೆ ಬಂತು. 1906ರಲ್ಲಿ ಅಪ್ಟನ್ ಸಿಂಕ್ಲೇರ್ ಶಿಕಾಗೋದ ಮಾಂಸದ ಕಾರ್ಖಾನೆಗಳ ಕಾದಂಬರಿಗೆ 'ದಿ ಜಂಗಲ್' ಎಂದೇ ಹೆಸರಿಟ್ಟ. ಅದೇ ಶಿಕಾಗೋ ಕಡೆಯ ಸೆಬಾಸ್ಟಿಯನ್ ಹಿಂಟನ್ 1920ರ ದಶಕದಲ್ಲಿ ಮಕ್ಕಳು ಹತ್ತಿಳಿಯುವ ಕಬ್ಬಿಣದ ಸರಳಿನ ಚೌಕಟ್ಟಿಗೆ ಪೇಟೆಂಟ್ ಪಡೆದ. ನಮ್ಮ ಪಾರ್ಕುಗಳಲ್ಲೂ ಇರುವ ಆ ಜಂಗಲ್ ಜಿಮ್‌ನಲ್ಲಿ ಎಲೆಯೊಂದೂ ಇರುವುದಿಲ್ಲ. ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಫ್ರಾನ್ಸಿನ ಕ್ಯಾಲೇ ಬಂದರಿನ ಸಂಗತಿ. ಇಂಗ್ಲೆಂಡಿಗೆ ದಾಟಲು ಕಾದಿದ್ದ ವಲಸಿಗರು ಅಲ್ಲಿ ಗುಡಿಸಲು ಹಾಕಿಕೊಂಡ ಜಾಗಕ್ಕೆ 'ಜಂಗಲ್' ಎಂದೇ ಹೆಸರು ಬಿದ್ದಿತ್ತು. 2016ರ ಅಕ್ಟೋಬರಿನಲ್ಲಿ ಅದನ್ನು ಕೆಡವುವವರೆಗೆ ಲೋಕದ ಪತ್ರಿಕೆಗಳೆಲ್ಲ ಹಾಗೇ ಕರೆದವು. ಓದಿದವರು ಅದೊಂದು ಬೈಗುಳವೆಂದುಕೊಂಡರು. ಆದರೆ ಆ ಹೆಸರು ಹುಟ್ಟಿದ್ದು ಅಫ್ಘಾನಿಸ್ತಾನದಿಂದ ಬಂದವರ ಪಶ್ತೋ ಮಾತಿನಿಂದ. ಅವರ ನುಡಿಯಲ್ಲಿ 'ಜಂಗಲ್' ಎಂದರೆ ಮರಗಳಿರುವ ಜಾಗ, ಬೇರೇನಲ್ಲ. ಅವರು ಕಾಡೆಂದರು, ಇವರು ಕೊಂಪೆ ಎಂದು ಕೇಳಿಸಿಕೊಂಡರು.

ಮತ್ತೆ ಮೈದೇನಹಳ್ಳಿಗೆ ಬರೋಣ. ಪದ ದೇಶಾಂತರ ಹೋದರೂ ಅದರ ಹಳೇ ಅರ್ಥ ಕೆಲವು ಜೀವಿಗಳ ಹೆಸರಿಗೆ ಅಂಟಿಕೊಂಡು ಇಲ್ಲೇ ಉಳಿದಿದೆ. ಹತ್ತು ಗಂಟೆಗೆ ಬಿಸಿಲು ಚುರುಕಾದಾಗ ವಾಪಸು ಹೊರಟೆ. ಕಾಲುದಾರಿಯ ಅಂಚಿನಲ್ಲಿ ಹುಲ್ಲು ಅಲ್ಲಾಡಿತು. ನಿಂತೆ. ಮುಷ್ಟಿ ಗಾತ್ರದ ಗುಂಡನೆಯ ಹಕ್ಕಿಯೊಂದು ತಲೆ ಹೊರಗೆ ಹಾಕಿತು, ನೋಡಿತು, ಸಾಲಿನಲ್ಲಿ ಬಿಟ್ಟ ಶಾಲೆಯ ಮಗುವಿನ ಹಾಗೆ ದಾರಿ ದಾಟಿತು. ಹಿಂದೆ ಇನ್ನೊಂದು, ಮತ್ತೊಂದು, ಒಟ್ಟು ಏಳು. ಏಳನೆಯದು ನಡುದಾರಿಯಲ್ಲಿರುವಾಗ ನಾನು ಕಾಲು ಬದಲಿಸಿದೆ. ಏಳೂ ಒಟ್ಟಿಗೆ 'ಬುರ್ರ್' ಎಂದು ನನ್ನ ಮೊಣಕಾಲಿನ ಎತ್ತರಕ್ಕೆ ಹಾರಿ ಏಳು ದಿಕ್ಕಿಗೆ ಸಿಡಿದವು. ಲಾವುಗೆಗಳು. ಹಕ್ಕಿ ಪುಸ್ತಕದಲ್ಲಿ ಇವುಗಳ ಹೆಸರು 'ಜಂಗಲ್ ಬುಷ್ ಕ್ವೇಲ್'. ದಟ್ಟ ಮಳೆಕಾಡಿಗೂ ಇವಕ್ಕೂ ಸಂಬಂಧವಿಲ್ಲ. ಒಣ ಹುಲ್ಲು, ಕುರುಚಲು, ಕಲ್ಲುನೆಲ ಇವುಗಳ ಮನೆ. ಕತ್ತಲಾದರೆ ಪೊದೆಯ ಬುಡದಲ್ಲಿ ವೃತ್ತವಾಗಿ, ಬಾಲಗಳು ಒಳಕ್ಕೆ, ತಲೆಗಳು ಹೊರಕ್ಕೆ ಮಾಡಿ ಮಲಗುತ್ತವೆ, ಅಪಾಯ ಯಾವ ಕಡೆಯಿಂದ ಬಂದರೂ ಒಂದು ಕಣ್ಣಿಗೆ ಬೀಳಲಿ ಎಂದು.

'ಜಂಗಲ್ ಕ್ಯಾಟ್' ಎನ್ನುವ ಕಾಡುಬೆಕ್ಕೂ ಹೀಗೆಯೇ. ಈಜಿಪ್ಟಿನಿಂದ ಆಗ್ನೇಯ ಏಷ್ಯಾದವರೆಗೆ ಅದನ್ನು ಹುಡುಕಬೇಕಾದದ್ದು ಹುಲ್ಲಿನಲ್ಲಿ, ಕೆರೆಯಂಚಿನ ಜೊಂಡಿನಲ್ಲಿ, ಕಬ್ಬಿನ ಗದ್ದೆಯಲ್ಲಿ. ಇಂಗ್ಲಿಷಿನವರು ಇವಕ್ಕೆ ಹೆಸರಿಡುವಾಗ ಜಂಗಲ್ ಎಂಬುದಕ್ಕೆ ಇನ್ನೂ ಕುರುಚಲಿನ ವಾಸನೆ ಇತ್ತೆಂದು ಕಾಣುತ್ತದೆ. ಹಳೇ ಹೆಸರು ತಪ್ಪೆಂದು ನಗುವ ಮೊದಲು ತಪ್ಪು ಯಾರದೆಂದು ಯೋಚಿಸಬೇಕು.

ಪದದ ಅರ್ಥ ಬದಲಾದರೆ ಯಾರಿಗೇನು ನಷ್ಟ ಎಂದು ಕೇಳಬಹುದು. ನಷ್ಟವಾದದ್ದು ನೆಲಕ್ಕೆ. ಜಂಗಲ್ ಎಂಬ ಮಾತು ದಟ್ಟ ಹಸಿರಿನ ಪಾಲಾದ ಮೇಲೆ ಒಣ ಬಯಲಿಗೆ ಗೌರವದ ಹೆಸರೇ ಉಳಿಯಲಿಲ್ಲ. ಗೋಮಾಳ, ಕಾವಲು ಎಂಬ ನಮ್ಮ ಹೆಸರುಗಳು ಪಹಣಿಯ ಮೂಲೆಗೆ ಸರಿದವು. ಸರ್ಕಾರದ ಕಡತದಲ್ಲಿ ಅದು 'ವೇಸ್ಟ್‌ಲ್ಯಾಂಡ್'. ಕೇಂದ್ರ ಸರ್ಕಾರ 2000ದಿಂದ ಆಗಾಗ ಪ್ರಕಟಿಸುವ ವೇಸ್ಟ್‌ಲ್ಯಾಂಡ್ಸ್ ಅಟ್ಲಾಸ್‌ನಲ್ಲಿ ಕುರುಚಲು ನೆಲಕ್ಕೆ ಅದರದ್ದೇ ಸಾಲು ಇದೆ. ಪಾಳೆಂದು ಬರೆದ ಮೇಲೆ ಏನಾದರೂ ಮಾಡಿ ಉದ್ಧಾರ ಮಾಡಬೇಕಲ್ಲ? ಗಿಡ ನೆಟ್ಟರು.

ಹಾವೇರಿ ಜಿಲ್ಲೆಯ ರಾಣೆಬೆನ್ನೂರಿಗೆ ಹೋದವರು ಇದನ್ನು ಕಣ್ಣಾರೆ ನೋಡಬಹುದು. ಕೃಷ್ಣಮೃಗಕ್ಕೆಂದೇ 1974ರಲ್ಲಿ ಘೋಷಿಸಿದ, 119 ಚದರ ಕಿಲೋಮೀಟರಿನ ಅಭಯಾರಣ್ಯ. ಒಳಗೆ ಕಾಲಿಟ್ಟರೆ ಕಾಣುವುದು ನೀಲಗಿರಿ, ಮತ್ತೆ ನೀಲಗಿರಿ. ಕಣ್ಣು ಹಾಯುವ ದೂರವನ್ನೂ ಕಾಲಿನ ವೇಗವನ್ನೂ ನಂಬಿ ಬದುಕುವ ಪ್ರಾಣಿಗೆ ಮರದ ಸಾಲು ನೆರಳಲ್ಲ, ಗೋಡೆ. ಗಂಟೆಗೆ 80 ಕಿಲೋಮೀಟರ್ ಓಡಬಲ್ಲದ್ದು ನೆಡುತೋಪಿನಲ್ಲಿ ಓಡುವುದೆಲ್ಲಿಗೆ? ಅದು ಹೊರಗಿನ ಹೊಲಕ್ಕೆ ಬರುತ್ತದೆ. ಆಗಷ್ಟೇ ಎರಡೆಲೆ ಬಿಟ್ಟ ಹೆಸರು, ಶೇಂಗಾ, ಹತ್ತಿಯನ್ನು ಒಂದೇ ರಾತ್ರಿಯಲ್ಲಿ ಬೋಳಿಸುತ್ತದೆ. ಗದಗ, ಕೊಪ್ಪಳ, ಹಾವೇರಿಯ ರೈತರು 'ಚಿಗರಿ ಕಾಟ' ಎಂದು ಗೋಳಾಡುವುದರಲ್ಲಿ ಸುಳ್ಳಿಲ್ಲ. ಬಿತ್ತಿದವನ ಸಿಟ್ಟನ್ನು ಬೈನಾಕ್ಯುಲರ್ ಹಿಡಿದ ನಾನು ತಳ್ಳಿಹಾಕಲಾರೆ. ರಾಣೆಬೆನ್ನೂರಿನ ಬಯಲಿನಲ್ಲಿ ಹಿಂದೆ ಎರೆಭೂತವೂ ಇತ್ತು. ಎರೆ ನೆಲದಲ್ಲಿ ಭೂತದ ಹಾಗೆ ಎದ್ದು ನಿಲ್ಲುವ ಆ ದೊಡ್ಡ ಹಕ್ಕಿ ಈಗ ಅಲ್ಲಿಲ್ಲ. ರಾಜ್ಯದಲ್ಲಿ ಅದರ ಬೆರಳೆಣಿಕೆಯ ಸಂತಾನ ಉಳಿದಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ.

ಮೈದೇನಹಳ್ಳಿಯ ಕಾವಲಿಗೆ ಇಷ್ಟರಮಟ್ಟಿಗೆ ಅದೃಷ್ಟವಿದೆ. ಸುಮಾರು 798 ಎಕರೆ ಜಾಗ 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದಾಯಿತು. ದೇವರಾಯನದುರ್ಗದಲ್ಲಿ ಹುಟ್ಟಿ ಈ ಸೀಮೆಯಲ್ಲಿ ಹರಿದು ಉತ್ತರ ಪಿನಾಕಿನಿಯನ್ನು ಸೇರುವ ಹೊಳೆಯ ಹೆಸರು ಅದು. 798 ಎಕರೆ ಎಂದರೆ ಅರ್ಧ ಗಂಟೆಯಲ್ಲಿ ಈ ತುದಿಯಿಂದ ಆ ತುದಿಗೆ ನಡೆದುಬಿಡಬಹುದು.

ಹೇಳಿದ ಹಾಗೆ ಏಪ್ರಿಲ್‌ನಲ್ಲಿ ಮತ್ತೆ ಹೋದೆ. ಹುಲ್ಲು ನೆಲಕಚ್ಚಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಕಾವಲಿನ ನಡುವೆ ಕೆರೆಯೊಂದು ಎದ್ದು ನಿಂತಿತು. ಅದರ ಆಚೆ ದಡದಲ್ಲಿ ಒಂದು ಗಂಡು, ಅದೇ ಇರಬಹುದು, ಬೇರೆಯದೂ ಇರಬಹುದು. ಕಾಲುಗಳು ಬಿಸಿಲ್ಗುದುರೆಯಲ್ಲಿ ಕರಗಿ ಮೈ ಮಾತ್ರ ತೇಲುತ್ತಿತ್ತು. ಡಿಸೆಂಬರಿನ ಪುಟ ತೆರೆದು ಖಾಲಿ ಬಿಟ್ಟಿದ್ದ ಕಾಲಂನಲ್ಲಿ 'ಜಾಂಗಲ' ಎಂದು ಬರೆದೆ. ಅದರ ಕೆಳಗೆ, ಕಂಸದಲ್ಲಿ, 'ಕಾವ್ಲು'.

ನೀವೂ ಹೋಗಿ ಬನ್ನಿ. ಬೆಳಗ್ಗೆ ಬೇಗ ಹೋಗಿ, ದಾರಿ ಬಿಟ್ಟು ಇಳಿಯಬೇಡಿ, ಪ್ರಾಣಿಯ ಹಿಂದೆ ಗಾಡಿ ಓಡಿಸಬೇಡಿ. ಜೂನ್ 5ರ ಪರಿಸರ ದಿನಕ್ಕೆ ಹೋಗುವವರಾದರೆ ದಯವಿಟ್ಟು ಸಸಿ ತರಬೇಡಿ.